ಕಳೆದುಹೋದ ‘ಅಂತೆ’

(ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಬಿಟ್ಟುಹೋಗಿದ್ದ ಕೆಲವು ಇಸವಿ, ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಪದದಿಂದ ಶುರು ಮಾಡುತ್ತೇನೆ. ‘ಮಳೆ ಬಂತು’ ಅಂತ ಒಬ್ಬರು ಹೇಳಿದರೆ ಅವರು ಮಳೆ ನೋಡಿದ್ದಾರೆ, ಇಲ್ಲವೇ ನೆನೆದಿದ್ದಾರೆ. ‘ಮಳೆ ಬಂತಂತೆ’ ಅಂದರೆ ಇನ್ಯಾರೋ ಹೇಳಿದ್ದನ್ನು ಕೇಳಿಸಿಕೊಂಡು ನಮಗೆ ದಾಟಿಸುತ್ತಿದ್ದಾರೆ. ಎರಡೇ ಅಕ್ಷರ, ‘ಅಂತೆ’. ಅಷ್ಟರಲ್ಲೇ ಹೇಳುವವರು ತಮ್ಮ ಹೊಣೆ ಎಷ್ಟು, ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ತಿಳಿಸಿಬಿಡುತ್ತಾರೆ. ನಮ್ಮಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ‘ಪಟೇಲರ ಮಗ ಊರಿಗೆ ಬಂದನಂತೆ’ ಅನ್ನುತ್ತಿದ್ದರೇ ಹೊರತು, ಕಣ್ಣಾರೆ ಕಾಣದೆ ‘ಬಂದ’ ಅಂದದ್ದನ್ನು ನಾನು ಕೇಳಿಲ್ಲ. ಯಾರೂ ಅವರಿಗೆ ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂಬ ವಿವೇಕ ಭಾಷೆಯ ಒಳಗೇ ಇತ್ತು, ಮಾತು ಕಲಿತವರಿಗೆಲ್ಲ ಅದೂ ಜೊತೆಗೇ ಬರುತ್ತಿತ್ತು.

ಈಗ ನಿಮ್ಮ ಮೊಬೈಲ್ ತೆಗೆದು, ಚುನಾವಣೆಯ ಹೊತ್ತಿನಲ್ಲಿ ಬಂದ ಯಾವುದಾದರೂ ಸಂದೇಶ ನೋಡಿ. ‘ಸರ್ಕಾರ ಇಷ್ಟು ಕೋಟಿ ತಿಂದಿದೆ’, ‘ಆ ನಾಯಕ ಹೀಗೆ ಹೇಳಿದ್ದಾನೆ’, ‘ಕೋರ್ಟ್ ಹೀಗೆ ಆದೇಶ ಮಾಡಿದೆ’. ಎಲ್ಲವೂ ಕಂಡವರ ಮಾತಿನ ಧಾಟಿಯಲ್ಲೇ ಇರುತ್ತವೆ. ‘ಅಂತೆ’ ಎಲ್ಲೂ ಇಲ್ಲ. ಬರೆದವರು ಕಂಡಿಲ್ಲ, ಕಳಿಸಿದವರು ಕಂಡಿಲ್ಲ, ಓದುವ ನಾವೂ ಕಂಡಿಲ್ಲ. ಹಾಗಾದರೆ ‘ಅಂತೆ’ ಯಾವ ಕೈಯಲ್ಲಿ ಉದುರಿಹೋಯಿತು? ಇವತ್ತು ನಾನು ಹೇಳಬೇಕಾದ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ವರದಿಗಾರರು ಕಳಿಸಿದ ಸುದ್ದಿಯಲ್ಲಿ ‘ಎನ್ನಲಾಗಿದೆ’ ಅನ್ನುವ ಪದ ಕಂಡರೆ ನಮ್ಮ ಮುಖ್ಯ ಉಪಸಂಪಾದಕರು ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಅಂದವರು ಯಾರು?’ ಅಂತ ಬರೆಯುತ್ತಿದ್ದರು. ಉತ್ತರ ಬರುವವರೆಗೆ ಆ ಸುದ್ದಿ ಪುಟಕ್ಕೆ ಏರುತ್ತಿರಲಿಲ್ಲ. ‘ಅಂತೆ’ ಪ್ರಾಮಾಣಿಕ ಪದ. ‘ಎನ್ನಲಾಗಿದೆ’ ಅಷ್ಟು ಪ್ರಾಮಾಣಿಕವಲ್ಲ, ಅಂದವರನ್ನೇ ಅದು ಮರೆಮಾಡುತ್ತದೆ. ಈಗಿನ ಸಂದೇಶಗಳಲ್ಲಿ ಅದೂ ಇಲ್ಲ.

ಇದರಿಂದ ಏನಾಗುತ್ತದೆ ಅನ್ನುವುದನ್ನು ನಮ್ಮ ರಾಜ್ಯ 2018ರಲ್ಲಿ ಕಂಡಿದೆ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ಊರೂರಿಗೆ ಹರಡಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಅಭಿನಯಿಸಿ ತೆಗೆದದ್ದು. ಮೂಲ ವಿಡಿಯೊದಲ್ಲಿ ಅದೇ ಬೈಕ್ ಸವಾರರು ಮಗುವನ್ನು ವಾಪಸ್ ತಂದುಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ನಮ್ಮವರ ಕೈಗೆ ಬಂದದ್ದರಲ್ಲಿ ಆ ಕೊನೆಯ ಭಾಗ ಕತ್ತರಿಸಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ ಹೈದರಾಬಾದಿನ ಎಂಜಿನಿಯರ್ ಒಬ್ಬನ ಜೀವ ಹೋಯಿತು. ಅವನ ಗುಂಪಿನವರು ಮಾಡಿದ್ದ ತಪ್ಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸಬಹುದು ಎಂಬ ಮಿತಿಯನ್ನು ವಾಟ್ಸ್ಆ್ಯಪ್ ಭಾರತದಲ್ಲಿ ತಂದದ್ದು ಅದೇ ಜುಲೈನಲ್ಲಿ. ‘ಫಾರ್ವರ್ಡೆಡ್’ ಎಂಬ ಚೀಟಿ ಸಂದೇಶದ ತಲೆಯ ಮೇಲೆ ಕಾಣತೊಡಗಿದ್ದೂ ಆಗಲೇ. ಆ ಚೀಟಿ ಯಂತ್ರ ಅಂಟಿಸಿದ ‘ಅಂತೆ’. ಅದನ್ನು ನಾವು ಓದುವುದೇ ಇಲ್ಲ ಅನ್ನುವುದು ನನ್ನ ಸಂಕಟ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಕನ್ನಡ ರಾಜ್ಯೋತ್ಸವದ ದಿನ ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ನನ್ನನ್ನು ಮಾತಿಗೆ ಕರೆದಿದ್ದರು. ಇಂಗ್ಲಿಷ್ ಶಿಕ್ಷಣ ನಮ್ಮ ಭಾಷೆಗಳಿಗೆ ಮಾಡಿದ ಗಾಯದ ಬಗ್ಗೆ ಮಾತಾಡುತ್ತ ಬ್ರಿಟಿಷ್ ಆಡಳಿತಗಾರ ಮೆಕಾಲೆಯ ‘ಭಾಷಣ’ವನ್ನು ಓದಿದೆ. ನೀವೆಲ್ಲ ಅದನ್ನು ಕಂಡಿರುತ್ತೀರಿ, ಹಳದಿ ಕಾಗದದ ಮೇಲೆ ಹಳೆಯ ಅಚ್ಚಿನ ಅಕ್ಷರದಲ್ಲಿರುವ ಚಿತ್ರ. 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮೆಕಾಲೆ ಹೀಗೆ ಹೇಳಿದ ಅಂತ ಅದರಲ್ಲಿದೆ: ನಾನು ಭಾರತದ ಉದ್ದಗಲ ಸುತ್ತಿದ್ದೇನೆ, ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ಕಾಣಲಿಲ್ಲ, ಈ ದೇಶದ ಬೆನ್ನೆಲುಬಾದ ಅದರ ಆಧ್ಯಾತ್ಮಿಕ, ಸಾಂಸ್ಕೃತಿಕ ಪರಂಪರೆಯನ್ನು ಮುರಿಯದೆ ಇದನ್ನು ಗೆಲ್ಲಲಾರೆವು, ಆದ್ದರಿಂದ ಶಿಕ್ಷಣ ಪದ್ಧತಿಯನ್ನು ಬದಲಿಸಬೇಕು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಎದೆ ತುಂಬಿ ಬಂದಿತ್ತು.

ವೇದಿಕೆಯಿಂದ ಇಳಿದಾಗ ಆ ಊರಿನ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಕರೆದರು. ಇತಿಹಾಸ ಪಾಠ ಮಾಡಿದವರು. ಬೈಯಲಿಲ್ಲ, ಮೆತ್ತಗೆ ಕೇಳಿದರು.

“ಅಲ್ಲಪ್ಪ, 1835ರಲ್ಲಿ ಅವರು ಇನ್ನೂ ಗೆಲ್ಲೋಕೆ ಏನು ಉಳಿದಿತ್ತು?”

ನಾನು ಸುಮ್ಮನೆ ನಿಂತೆ. ಅವರು ಬೆರಳು ಮಡಚುತ್ತ ಎಣಿಸಿದರು. “ಶ್ರೀರಂಗಪಟ್ಟಣ ಬಿದ್ದದ್ದು 1799. ಪೇಶ್ವೆಗಳ ರಾಜ್ಯ ಹೋದದ್ದು 1818. ಕಿತ್ತೂರು 1824. ಮೈಸೂರಿನ ಆಡಳಿತ ಕಿತ್ತುಕೊಂಡದ್ದು 1831. ಕೊಡಗು 1834. ಎಲ್ಲ ನುಂಗಿ ಕೂತವನು ‘ಈ ದೇಶ ಗೆಲ್ಲೋಕಾಗಲ್ಲ’ ಅಂತ ಅದರ ಮಾರನೇ ವರ್ಷ ಯಾಕೆ ಹೇಳ್ತಾನೆ? ಆ ದಿನ ಅವನು ಎಲ್ಲಿದ್ದ ಅಂತ ನೋಡಿದೆಯಾ?”

“ಇಲ್ಲ, ಮೇಷ್ಟ್ರೇ.”

“ನೋಡು.”

ನೋಡಿದೆ. ಮೆಕಾಲೆ ಭಾರತದ ನೆಲಕ್ಕೆ ಕಾಲಿಟ್ಟದ್ದು 1834ರ ಜೂನ್‌ನಲ್ಲಿ, ಮದ್ರಾಸಿನಲ್ಲಿ. ಗವರ್ನರ್ ಜನರಲ್ ಬೆಂಟಿಂಕ್ ಆಗ ಊಟಿಯಲ್ಲಿದ್ದ. ಅವನನ್ನು ಕಾಣಲು ಮೆಕಾಲೆ ಜನರ ಹೆಗಲ ಮೇಲೆ ಪಲ್ಲಕ್ಕಿಯಲ್ಲಿ ಹೊರಟ. ಹೋದ ದಾರಿ ನಮ್ಮದೇ: ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು, ಆಮೇಲೆ ನೀಲಗಿರಿ. ಕೆಲವು ತಿಂಗಳು ಬೆಟ್ಟದ ಮೇಲಿದ್ದು ಕಲ್ಕತ್ತೆ ಸೇರಿದ. 1835ರ ಫೆಬ್ರವರಿ 2ರಂದು ಅವನು ಕಲ್ಕತ್ತೆಯಲ್ಲಿದ್ದ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅಲ್ಲ. ಬಂದು ಎಂಟು ತಿಂಗಳಾಗಿತ್ತು, ಭಾರತದ ಉದ್ದಗಲ ಸುತ್ತಿಯೂ ಇರಲಿಲ್ಲ. ಆ ತಾರೀಖಿನಲ್ಲಿ ಅವನು ನಿಜವಾಗಿ ಬರೆದದ್ದು ಶಿಕ್ಷಣದ ಬಗೆಗಿನ ಟಿಪ್ಪಣಿ, ಇಂಗ್ಲಿಷಿನಲ್ಲಿ ‘ಮಿನಿಟ್’ ಅನ್ನುತ್ತಾರೆ. ಅದರ ಪೂರ್ಣ ಪಾಠ ಯಾರು ಬೇಕಾದರೂ ಓದಬಹುದು. ಹಳದಿ ಕಾಗದದ ಒಂದು ಸಾಲೂ ಅದರಲ್ಲಿಲ್ಲ.

ಗಮನಿಸಿ, ಮೇಷ್ಟ್ರು ಇಂಟರ್ನೆಟ್ ತೆರೆಯಲಿಲ್ಲ. ಮೊದಲು ಮಾತಿನ ಒಳಗಿನ ತರ್ಕವನ್ನೇ ತಟ್ಟಿ ನೋಡಿದರು, ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ. ಸದ್ದು ಸರಿ ಬರಲಿಲ್ಲ. ಆಮೇಲಷ್ಟೇ ‘ಆ ದಿನ ಅವನು ಎಲ್ಲಿದ್ದ’ ಅನ್ನುವ ಪ್ರಶ್ನೆಗೆ ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಆ ಎತ್ತು ನಮ್ಮ ಮನೆಯದಾದಾಗ ಗಾದೆ ನೆನಪಿಗೆ ಬರುವುದಿಲ್ಲ. ನನಗೂ ಬರಲಿಲ್ಲ. ನನ್ನ ಅಭಿಪ್ರಾಯಕ್ಕೆ ಆ ಸುಳ್ಳು ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು.

ಇಲ್ಲಿ ಇನ್ನೊಂದು ಜಾರುವ ಜಾಗ ಇದೆ. ಆ ಭಾಷಣ ಸುಳ್ಳು ಅಂತ ಗೊತ್ತಾದ ಕೂಡಲೇ ಕೆಲವರು ‘ನೋಡಿ, ಮೆಕಾಲೆಯ ಮೇಲಿನ ಆರೋಪಗಳೆಲ್ಲ ಕಟ್ಟುಕತೆ’ ಅನ್ನಲು ಶುರು ಮಾಡುತ್ತಾರೆ. ಅದೂ ತಪ್ಪು ತರ್ಕ. ಒಂದು ಕಂಬ ಟೊಳ್ಳು ಅಂದ ಮಾತ್ರಕ್ಕೆ ಮನೆಯೇ ಇಲ್ಲ ಅಂತಾಗುವುದಿಲ್ಲ, ಉಳಿದ ಕಂಬಗಳನ್ನೂ ನೋಡಬೇಕು. ಅವನ ಅಸಲಿ ಟಿಪ್ಪಣಿಯಲ್ಲೇ ಇದೆ: ಯುರೋಪಿನ ಒಳ್ಳೆಯ ಗ್ರಂಥಾಲಯವೊಂದರ ಒಂದೇ ಕಪಾಟು ಭಾರತ, ಅರೇಬಿಯಾಗಳ ಇಡೀ ಸಾಹಿತ್ಯಕ್ಕೆ ಸಮ ಅನ್ನುವ ಮಾತು. ರಕ್ತ, ಬಣ್ಣಗಳಲ್ಲಿ ಭಾರತೀಯರಾಗಿ, ರುಚಿ, ಅಭಿಪ್ರಾಯ, ನೀತಿ, ಬುದ್ಧಿಗಳಲ್ಲಿ ಇಂಗ್ಲಿಷರಾಗಿರುವ ಒಂದು ವರ್ಗವನ್ನು ತಯಾರು ಮಾಡಬೇಕು ಅನ್ನುವ ಮಾತೂ ಅದರಲ್ಲೇ ಇದೆ. ಇನ್ನೂ ಮುಖ್ಯವಾದದ್ದು, ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಗೊತ್ತಿಲ್ಲ ಅಂತ ಅವನೇ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಅನುವಾದಗಳನ್ನು ಓದಿ, ಬಲ್ಲವರೊಂದಿಗೆ ಮಾತಾಡಿ ಬೆಲೆ ಕಟ್ಟಿದ್ದಾಗಿ ಹೇಳುತ್ತಾನೆ. ಅಂದರೆ ಒಂದು ದೇಶದ ಶಿಕ್ಷಣದ ದಿಕ್ಕನ್ನೇ ತಿರುಗಿಸಿದ ಟಿಪ್ಪಣಿ ಕೂಡ ‘ಅಂತೆ’ಯ ಮೇಲೇ ನಿಂತಿತ್ತು. 1835ರ ಮಾರ್ಚ್ 7ಕ್ಕೆ ಬೆಂಟಿಂಕ್ ಅದನ್ನು ಸರ್ಕಾರದ ನಿರ್ಣಯವಾಗಿಸಿದ. ಟೀಕೆ ಮಾಡುವವರಿಗೆ ಇಷ್ಟು ಅಸಲಿ ಸಾಮಗ್ರಿ ಕೈಯಲ್ಲೇ ಇರುವಾಗ ನಕಲಿ ಯಾಕೆ ಬೇಕಾಯಿತು ಅನ್ನುವುದು ನನ್ನನ್ನು ಇವತ್ತಿಗೂ ಕಾಡುವ ಪ್ರಶ್ನೆ. ಅಸಲಿಯಲ್ಲಿ ನಮ್ಮನ್ನು ಹೊಗಳುವ ಸಾಲು ಇರಲಿಲ್ಲ, ನಕಲಿಯಲ್ಲಿತ್ತು. ಬಹುಶಃ ಅದೇ ಕಾರಣ.

ಮೂಲ ಹುಡುಕುವುದು ಹೇಗೆ ಅಂತ ಕೇಳುತ್ತೀರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಚೆನ್ನಾದ ದಾರಿ ತೋರಿಸುತ್ತದೆ. ಪಿಎಚ್‌ಡಿ ಮಾಡಿದ 10 ಇತಿಹಾಸಕಾರರು, ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವ 10 ವೃತ್ತಿಪರರು, ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ಜಾಲತಾಣಗಳನ್ನು ತೋರಿಸಿ, ಯಾವುದನ್ನು ನಂಬಬಹುದು ಹೇಳಿ ಅಂದರು. ಅದರಲ್ಲಿ ಎರಡು ಮಕ್ಕಳ ವೈದ್ಯರ ಸಂಸ್ಥೆಗಳದ್ದು. ಒಂದು 1930ರಲ್ಲಿ ಹುಟ್ಟಿದ, ಆ ದೇಶದ ಮಕ್ಕಳ ವೈದ್ಯರ ದೊಡ್ಡ ಸಂಸ್ಥೆ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಹೆಸರು ಮಾತ್ರ ಕೇಳಲು ಅಷ್ಟೇ ಗಂಭೀರ. ವಿದ್ಯಾರ್ಥಿಗಳಲ್ಲಿ ಬಹಳ ಜನ, ಇತಿಹಾಸಕಾರರಲ್ಲೂ ಹಲವರು ಪುಟದೊಳಗೇ ಉಳಿದು ಲಾಂಛನ, ವಿನ್ಯಾಸ, ಅಡಿಟಿಪ್ಪಣಿಗಳನ್ನು ನೋಡುತ್ತ ಎಡವಿದರು. ಪರಿಶೀಲಕರು ಪುಟವನ್ನು ಸರಿಯಾಗಿ ಓದುವ ಮೊದಲೇ ಅದನ್ನು ಬಿಟ್ಟು, ಪಕ್ಕದಲ್ಲಿ ಬೇರೆ ಬೇರೆ ಕಿಟಕಿ ತೆರೆದು, ಈ ಸಂಸ್ಥೆಯ ಬಗ್ಗೆ ಉಳಿದವರು ಏನು ಹೇಳುತ್ತಾರೆ ಅಂತ ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು.

ಇದು ನಮಗೆ ಹೊಸದಲ್ಲ. ಹೆಣ್ಣು ಕೊಡುವಾಗ ನಾವು ಗಂಡಿನ ಮನೆಯವರು ಕೊಟ್ಟ ವಿವರ ಓದಿ ನಿಶ್ಚಯ ಮಾಡುವುದಿಲ್ಲವಲ್ಲ? ಆ ಬೀದಿಯ ಅಂಗಡಿಯಲ್ಲಿ, ಅವನು ಕೆಲಸ ಮಾಡುವ ಕಡೆ, ಹಳೆಯ ನೆರೆಹೊರೆಯಲ್ಲಿ ವಿಚಾರಿಸುತ್ತೇವೆ. ಒಬ್ಬರನ್ನೇ ಕೇಳುವುದಿಲ್ಲ, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಜನರನ್ನು ಕೇಳುತ್ತೇವೆ. ಒಂದು ರಾಜಕೀಯ ಸುದ್ದಿ ಹತ್ತು ಕಡೆ ಬಂದಿದೆ ಅಂದಾಗಲೂ ಇದನ್ನೇ ಕೇಳಬೇಕು: ಹತ್ತೂ ಕಡೆಯವರು ಬೇರೆ ಬೇರೆಯಾಗಿ ವಿಚಾರಿಸಿದ್ದಾರೋ, ಒಂದೇ ಬಾವಿಯ ನೀರನ್ನು ಹತ್ತು ಕೊಡದಲ್ಲಿ ತುಂಬಿದ್ದಾರೋ?

ಚಿತ್ರ, ವಿಡಿಯೊಗಳ ಬಗ್ಗೆ ಉದ್ದ ಹೇಳುವುದಿಲ್ಲ. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿದರೆ ಅದು ಹಿಂದೆ ಎಲ್ಲಿ, ಯಾವಾಗ ಬಂದಿತ್ತು ಅಂತ ಬಹಳ ಸಲ ಸಿಕ್ಕಿಬಿಡುತ್ತದೆ. ಇಲ್ಲಿರುವ ಹುಡುಗರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು, ಮನೆಯಲ್ಲಿ ಹಿರಿಯರಿಗೆ ತೋರಿಸಿಕೊಡಿ. ಧ್ವನಿ, ಮುಖಗಳನ್ನೇ ಕಂಪ್ಯೂಟರ್ ಸೃಷ್ಟಿಸುವ ಕಾಲ ಇದು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಹಿರಿಯರು ಅಂದದ್ದು ಈಗ ಅಕ್ಷರಶಃ ಪಾಲಿಸಬೇಕಾದ ಮಾತಾಗಿದೆ.

ನನಗೆ ಹೆಚ್ಚು ಹೊತ್ತು ನಿಲ್ಲಬೇಕು ಅನ್ನಿಸುವುದು ಬೇರೆ ಕಡೆ. ಸುಳ್ಳನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ಎರಡು ಪಕ್ಷದವರೂ ನಿಜವನ್ನೇ ಹೇಳುತ್ತಿರುವಾಗ ಏನು ಮಾಡುವುದು? ಇದಕ್ಕೆ ನಮ್ಮ ಮನೆ ಬಾಗಿಲಿನ ಉದಾಹರಣೆ ತೆರಿಗೆ ಪಾಲಿನ ಜಗಳ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಸಂಪುಟ, ಶಾಸಕರೊಂದಿಗೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರಲ್ಲ, ‘ನನ್ನ ತೆರಿಗೆ ನನ್ನ ಹಕ್ಕು’ ಅಂತ, ಆಗ ಎಲ್ಲರ ಮೊಬೈಲಿನಲ್ಲೂ ಅಂಕಿಗಳ ಮಳೆ. ಒಂದೇ ಮನೆಯಲ್ಲಿ ಅಣ್ಣ ಒಂದು ಪಟ್ಟಿ, ತಮ್ಮ ಇನ್ನೊಂದು ಪಟ್ಟಿ ಹಿಡಿದು ಮಾತು ಬಿಟ್ಟದ್ದನ್ನು ನಾನು ಬಲ್ಲೆ. ಇಬ್ಬರ ಪಟ್ಟಿಯಲ್ಲೂ ಸುಳ್ಳಿರಲಿಲ್ಲ.

ನಿಧಾನವಾಗಿ ಬಿಡಿಸೋಣ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವುದು ಸಂವಿಧಾನದ 280ನೇ ವಿಧಿಯಡಿ ನೇಮಕವಾಗುವ ಹಣಕಾಸು ಆಯೋಗ. ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಆಯೋಗದಲ್ಲಿ ಶೇ 4.713 ಇತ್ತು. 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಈಗ ಒಬ್ಬರು ‘ಇಳಿದದ್ದು ಒಂದೇ ಒಂದು ಶೇಕಡಾ, ಇದಕ್ಕೆ ಇಷ್ಟು ಗದ್ದಲವೇ?’ ಅನ್ನುತ್ತಾರೆ. ಇನ್ನೊಬ್ಬರು ‘ನಮ್ಮ ಪಾಲಿನಲ್ಲಿ ಶೇ 22ಕ್ಕಿಂತ ಹೆಚ್ಚು ಹೋಯಿತು’ ಅನ್ನುತ್ತಾರೆ. ಕಾಗದ ತೆಗೆದುಕೊಂಡು ಲೆಕ್ಕ ಮಾಡಿ. 4.713ರಲ್ಲಿ 3.647 ಕಳೆದರೆ 1.066, ಮೊದಲಿನವರು ಸರಿ. ಆ 1.066 ಅನ್ನುವುದು 4.713ರ ಶೇ 22.6, ಎರಡನೆಯವರೂ ಸರಿ. ಒಬ್ಬರು ಎಲ್ಲ ರಾಜ್ಯಗಳಿಗೆ ಹಂಚುವ ರಾಶಿಯ ಮೇಲೆ ಎಣಿಸಿದರು, ಇನ್ನೊಬ್ಬರು ನಮ್ಮ ಮನೆಗೆ ಬರುತ್ತಿದ್ದುದರ ಮೇಲೆ ಎಣಿಸಿದರು. ಶೇಕಡಾ ಅಂದ ಕೂಡಲೇ ‘ಯಾವುದರ ಶೇಕಡಾ?’ ಅಂತ ಕೇಳದಿದ್ದರೆ ಈ ಜಗಳ ಮುಗಿಯುವುದೇ ಇಲ್ಲ.

ಮುಂದಿನದು. ಒಂದು ಕಡೆಯವರು ‘ಪಾಲು ಕಡಿಮೆಯಾಗಿದೆ’ ಅನ್ನುತ್ತಾರೆ, ಮತ್ತೊಂದು ಕಡೆಯವರು ‘ಹತ್ತು ವರ್ಷದ ಹಿಂದಿಗಿಂತ ಎಷ್ಟೋ ಪಟ್ಟು ಹೆಚ್ಚು ದುಡ್ಡು ಬಂದಿದೆ’ ಅನ್ನುತ್ತಾರೆ. ಕಣದಲ್ಲಿ ರಾಶಿ ದೊಡ್ಡದಾದರೆ ಪಾಲು ಇಳಿದರೂ ಮನೆಗೆ ಬರುವ ಮೂಟೆ ಹೆಚ್ಚಬಹುದು. ರೂಪಾಯಿಯ ಲೆಕ್ಕ ಕೇಳಿದವರಿಗೆ ಪಾಲಿನ ಉತ್ತರ, ಪಾಲು ಕೇಳಿದವರಿಗೆ ರೂಪಾಯಿಯ ಉತ್ತರ ಕೊಟ್ಟರೆ ಇಬ್ಬರೂ ಗೆದ್ದ ಹಾಗೆ ಕಾಣುತ್ತದೆ, ಪ್ರಶ್ನೆ ಮಾತ್ರ ಅಲ್ಲೇ ಇರುತ್ತದೆ. ಹತ್ತು ವರ್ಷದಲ್ಲಿ ಬೆಲೆ ಏರಿಕೆಯೂ ಆಗಿದೆ, ಒಟ್ಟು ತೆರಿಗೆ ಸಂಗ್ರಹವೂ ಬೆಳೆದಿದೆ. ಅದನ್ನು ಹೇಳದೆ ಬರೀ ರೂಪಾಯಿ ಹೋಲಿಸುವುದು ಅರ್ಧ ಮಾತು.

‘ನಾವು 100 ರೂಪಾಯಿ ಕೊಟ್ಟರೆ ವಾಪಸ್ ಬರುವುದು 12–13 ರೂಪಾಯಿ’ ಅನ್ನುವುದನ್ನೂ ಕೇಳಿದ್ದೀರಿ. ಇಲ್ಲಿ ಆ 100ರೊಳಗೆ ಏನೇನಿದೆ, 13ರೊಳಗೆ ಏನೇನಿದೆ ಅಂತ ನೋಡಬೇಕು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಂಪನಿ ದೇಶದೆಲ್ಲೆಡೆ ವ್ಯವಹಾರ ಮಾಡಿದರೂ ಅದರ ಆದಾಯ ತೆರಿಗೆ ಸಾಮಾನ್ಯವಾಗಿ ಕರ್ನಾಟಕದ ಸಂಗ್ರಹದಲ್ಲಿ ಕಾಣುತ್ತದೆ. ಹಾಗೆಯೇ, ನಮ್ಮಲ್ಲಿ ಕಾರ್ಖಾನೆ ಇಟ್ಟು ಮುಂಬೈಯಲ್ಲಿ ಕಚೇರಿ ಇಟ್ಟವರದು ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗುತ್ತದೆ. ಕೇಂದ್ರ ಇಲ್ಲಿ ರೈಲು, ಹೆದ್ದಾರಿ, ರಕ್ಷಣೆಗೆ ಮಾಡುವ ಖರ್ಚು ಆ 13ರಲ್ಲಿ ಬರುವುದಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ನಾನು ಕೇಂದ್ರದ ವಕೀಲನಾಗುತ್ತೇನೆ. ರಾಜ್ಯದ ವಾದಕ್ಕೆ ಗಟ್ಟಿ ಬೆಂಬಲ ಕೊಡುವ ಸಂಗತಿಯೂ ಇದೆ: ತೆರಿಗೆಯ ಜೊತೆಗೆ ಹೆಚ್ಚುವರಿಯಾಗಿ ಹಾಕುವ ಸೆಸ್, ಸರ್‌ಚಾರ್ಜ್‌ಗಳಿಂದ ಬರುವ ಹಣವನ್ನು ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಹಂಚಬೇಕಾಗಿಲ್ಲ. ಕೇಂದ್ರವೂ ರಾಜ್ಯಗಳೂ ಹಂಚಿಕೊಳ್ಳುವ ಮೊತ್ತದಲ್ಲಿ ಎಲ್ಲ ರಾಜ್ಯಗಳದ್ದು ಸೇರಿ ಶೇ 41 ಅನ್ನುವಾಗ, ಈ ಹಣ ಆ ಮೊತ್ತದೊಳಗೆ ಇರುವುದೇ ಇಲ್ಲ. 15ನೇ ಆಯೋಗದ ಹಂಚುವ ಸೂತ್ರದಲ್ಲಿ ‘ಆದಾಯದ ಅಂತರ’ಕ್ಕೆ ಶೇ 45ರ ತೂಕ ಇತ್ತು. ತಲಾ ಆದಾಯ ಹೆಚ್ಚಿದ ರಾಜ್ಯಕ್ಕೆ ಅದರಿಂದ ಕಡಿಮೆ ಬರುತ್ತದೆ, ನಮ್ಮ ಪಾಲು ಇಳಿಯಲು ಅದೊಂದು ದೊಡ್ಡ ಕಾರಣ. ಬಡ ರಾಜ್ಯಕ್ಕೆ ಹೆಚ್ಚು ಕೊಡುವುದು ನ್ಯಾಯವೇ, ಎಷ್ಟು ಹೆಚ್ಚು ಕೊಡುವುದು ನ್ಯಾಯ? ಇದು ಅಂಕಿಯಿಂದ ಉತ್ತರ ಸಿಗುವ ಪ್ರಶ್ನೆಯಲ್ಲ, ಮೌಲ್ಯದ ಪ್ರಶ್ನೆ. ಅಲ್ಲಿ ನಾವು ಭಿನ್ನಾಭಿಪ್ರಾಯ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೇಬೇಕು. ಆದರೆ ಅಲ್ಲಿಗೆ ತಲುಪುವ ಮೊದಲೇ ಅಣ್ಣ ತಮ್ಮ ಮಾತು ಬಿಟ್ಟರೆ ನಿಜವಾದ ಚರ್ಚೆ ಶುರುವೇ ಆಗಲಿಲ್ಲ ಅಂತ ಅರ್ಥ.

ಇದರಲ್ಲೇ ಇನ್ನೊಂದು ಗಂಟು ಇತ್ತು. ‘ಹಣಕಾಸು ಆಯೋಗ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಕೊಡಿ ಅಂದಿತ್ತು, ಕೇಂದ್ರ ಕೊಡಲಿಲ್ಲ’ ಅಂತ ಒಬ್ಬರು. ‘ಆಯೋಗದ ಅಂತಿಮ ವರದಿಯಲ್ಲಿ ಅಂಥ ಶಿಫಾರಸೇ ಇಲ್ಲ’ ಅಂತ ಇನ್ನೊಬ್ಬರು. ಕೇಳಿದವರಿಗೆ ಇಬ್ಬರಲ್ಲಿ ಒಬ್ಬರು ಸುಳ್ಳುಗಾರರು ಅನ್ನಿಸುತ್ತದೆ. 15ನೇ ಆಯೋಗ ಕೊಟ್ಟದ್ದು ಎರಡು ವರದಿ. 2020–21ರ ಒಂದು ವರ್ಷಕ್ಕೆ ಮೊದಲನೆಯದು, 2021ರಿಂದ 26ರವರೆಗಿನ ಐದು ವರ್ಷಕ್ಕೆ ಎರಡನೆಯದು. ಮೊದಲನೆಯದರಲ್ಲಿ ಕರ್ನಾಟಕ, ತೆಲಂಗಾಣ, ಮಿಜೋರಾಂ ಮೂರಕ್ಕೂ ವಿಶೇಷ ಅನುದಾನದ ಶಿಫಾರಸು ಇತ್ತು, ನಮ್ಮದು 5,495 ಕೋಟಿ. ಕೇಂದ್ರ ಅದನ್ನು ಮರುಪರಿಶೀಲಿಸಿ ಅಂತ ಹೇಳಿತು. ಅಂತಿಮ ವರದಿಯಲ್ಲಿ ಅದು ಬರಲಿಲ್ಲ. ಒಬ್ಬರು ಮೊದಲನೆಯ ವರದಿಯನ್ನು ಓದಿ ಹೇಳಿದರು, ಇನ್ನೊಬ್ಬರು ಎರಡನೆಯದನ್ನು. ಎರಡೂ ಆಯೋಗದ ಜಾಲತಾಣದಲ್ಲೇ ಇವೆ. ಅರ್ಧ ಗಂಟೆಯ ಕೆಲಸ. ನೂರಾರು ಗಂಟೆ ಜಗಳಕ್ಕೆ ಹೋಯಿತು.

ಈಗ ಸಭೆಯಲ್ಲಿ ಯಾರೋ ಕೇಳಲು ಕಾಯುತ್ತಿದ್ದೀರಿ ಅನ್ನಿಸುತ್ತದೆ: ‘ಹೇಳಿದವರು ಯಾರು ಅನ್ನುವುದು ಮುಖ್ಯವೋ, ಹೇಳಿದ್ದು ಏನು ಅನ್ನುವುದು ಮುಖ್ಯವೋ?’ ನನ್ನ ಉತ್ತರಕ್ಕೆ ಕೋರ್ಟಿನ ಕಟ್ಟೆ ಸಹಾಯಕ್ಕೆ ಬರುತ್ತದೆ. ಅಲ್ಲಿ ಸಾಕ್ಷಿಯೂ ಮಾತಾಡುತ್ತಾನೆ, ವಕೀಲನೂ ಮಾತಾಡುತ್ತಾನೆ. ಸಾಕ್ಷಿಗೆ ಪಾಟಿ ಸವಾಲು ಇದೆ: ನೀನು ಎಲ್ಲಿದ್ದೆ, ಎಷ್ಟು ದೂರದಲ್ಲಿದ್ದೆ, ಆರೋಪಿಯೊಂದಿಗೆ ನಿನಗೆ ಹಳೆಯ ಜಗಳ ಇತ್ತೇ? ವಕೀಲನನ್ನು ಹಾಗೆ ಯಾರೂ ಕೇಳುವುದಿಲ್ಲ. ಅವನ ವಾದ ನಿಂತರೆ ನಿಂತಿತು, ಬಿದ್ದರೆ ಬಿದ್ದಿತು. ಒಬ್ಬ ನಾಯಕ ‘ನಾನು ಆ ಸಭೆಯಲ್ಲಿದ್ದೆ, ಹೀಗೆ ನಡೆಯಿತು’ ಅಂದರೆ ಅವನು ಸಾಕ್ಷಿ. ಅವನ ಹಿತಾಸಕ್ತಿ, ಹಿಂದೆ ಸುಳ್ಳು ಹೇಳಿದ್ದಾನೋ ಇಲ್ಲವೋ, ಎಲ್ಲವನ್ನೂ ತೂಗಬೇಕು. ಅದೇ ನಾಯಕ ‘4.713ರಲ್ಲಿ 1.066 ಅಂದರೆ ಶೇ 22.6’ ಅಂದರೆ ಅವನು ವಾದ ಮಾಡುತ್ತಿದ್ದಾನೆ. ಅದಕ್ಕೆ ‘ಅವನು ಆ ಪಕ್ಷದವನು’, ‘ಅವನ ಸರ್ಕಾರ ಇದ್ದಾಗ ಏನು ಮಾಡಿದ?’ ಅನ್ನುವುದು ಉತ್ತರವಲ್ಲ. ಲೆಕ್ಕ ತಪ್ಪಿದ್ದರೆ ತಪ್ಪು ಎಲ್ಲಿ ಅಂತ ತೋರಿಸಬೇಕು. ನಮ್ಮ ಚರ್ಚೆಗಳಲ್ಲಿ ಇದು ತಲೆಕೆಳಗಾಗಿದೆ. ವಾದ ಮಾಡಿದವರ ಜಾತಿ, ಪಕ್ಷ, ಊರು ಕೆದಕುತ್ತೇವೆ. ಸಾಕ್ಷಿ ಹೇಳಿದವರನ್ನು ನಮ್ಮವರು ಅಂತ ಪಾಟಿ ಸವಾಲಿಲ್ಲದೆ ಬಿಟ್ಟುಬಿಡುತ್ತೇವೆ.

‘ನಮ್ಮವರು’ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ. ನಮ್ಮ ನ್ಯಾಯದರ್ಶನದಲ್ಲಿ, ಅಂದರೆ ಹಳೆಯ ತರ್ಕಶಾಸ್ತ್ರದಲ್ಲಿ, ಜ್ಞಾನಕ್ಕೆ ನಾಲ್ಕು ಪ್ರಮಾಣ, ಅಂದರೆ ತಿಳಿಯುವ ದಾರಿ: ಪ್ರತ್ಯಕ್ಷ (ಕಂಡದ್ದು), ಅನುಮಾನ (ತರ್ಕದಿಂದ ಊಹಿಸಿದ್ದು), ಉಪಮಾನ (ಹೋಲಿಸಿ ತಿಳಿದದ್ದು), ಶಬ್ದ. ಶಬ್ದ ಅಂದರೆ ‘ಆಪ್ತ’ನ ಉಪದೇಶ ಅಂತ ಅದರ ಮೂಲಗ್ರಂಥ ನ್ಯಾಯಸೂತ್ರ ಹೇಳುತ್ತದೆ. ಇಂದಿನ ಕನ್ನಡದಲ್ಲಿ ಆಪ್ತ ಅಂದರೆ ನಮಗೆ ಹತ್ತಿರದವರು, ಆಪ್ತಮಿತ್ರ, ಆಪ್ತ ಸಹಾಯಕ. ಸೂತ್ರದ ಆಪ್ತ ಅವನಲ್ಲ. ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಇದ್ದ ಹಾಗೆ ತಿಳಿಸಬೇಕೆಂಬ ಬಯಕೆ ಇರುವವನು, ಅವನು ಆಪ್ತ. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಈ ಲಕ್ಷಣ ಎಲ್ಲರಿಗೂ ಸಮಾನ ಅಂತ ಭಾಷ್ಯ ಬರೆದ ವಾತ್ಸ್ಯಾಯನ ಬಿಡಿಸಿ ಹೇಳಿದ್ದಾನೆ. ಎಂಥ ಮಾತು ನೋಡಿ! ಆ ಕಾಲದ ಸಮಾಜದಲ್ಲಿ ಕೂತು, ಬಲ್ಲವನು ಮ್ಲೇಚ್ಛನಾದರೂ ಅವನ ಮಾತು ಪ್ರಮಾಣ ಅನ್ನಲು ಧೈರ್ಯ ಬೇಕು. ನಾವು ಮಾತ್ರ ವಾಟ್ಸ್ಆ್ಯಪ್ ಗುಂಪಿನಲ್ಲಿ ಭಾವ ಕಳಿಸಿದ್ದು, ಚಿಕ್ಕಪ್ಪ ಕಳಿಸಿದ್ದು ಅಂತ ನಂಬುತ್ತೇವೆ. ಭಾವನಿಗೆ ನಮ್ಮ ಮೇಲೆ ಪ್ರೀತಿ ಇದೆ, ಸಂಶಯವಿಲ್ಲ. ಹಣಕಾಸು ಆಯೋಗದ ವರದಿಯನ್ನು ಅವರು ಓದಿದ್ದಾರೆಯೇ ಅನ್ನುವುದು ಬೇರೆ ಪ್ರಶ್ನೆ.

ಅದೇ ನ್ಯಾಯಸೂತ್ರ ಚರ್ಚೆಯನ್ನೂ ಮೂರು ಬಗೆಯಾಗಿ ಹೇಳುತ್ತದೆ. ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೊಂದು ನಿಲುವನ್ನು ಸ್ಥಾಪಿಸದೆ ಎದುರಿನವರದನ್ನು ಕೆಡವುವುದಷ್ಟೇ ವಿತಂಡಾ. ‘ವಿತಂಡವಾದ ಮಾಡಬೇಡ’ ಅಂತ ಮಕ್ಕಳಿಗೆ ಗದರಿಸುತ್ತೇವಲ್ಲ, ಆ ಪದ ಅಲ್ಲಿಂದಲೇ ಬಂದದ್ದು. ಚರ್ಚೆಗೆ ಇಳಿಯುವ ಮೊದಲು ನಾನು ಎದುರಿನವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಏನು ತೋರಿಸಿದರೆ ನೀವು ಅಭಿಪ್ರಾಯ ಬದಲಿಸುತ್ತೀರಿ? ‘ಏನು ತೋರಿಸಿದರೂ ಇಲ್ಲ’ ಅಂದರೆ ಕೈಮುಗಿದು ಕಾಫಿ ಕುಡಿದು ಬರುತ್ತೇನೆ. ಆ ಪ್ರಶ್ನೆಯನ್ನು ನನಗೂ ಕೇಳಿಕೊಳ್ಳುತ್ತೇನೆ, ಕೆಲವು ಸಲ ಉತ್ತರ ಹೊಳೆಯುವುದಿಲ್ಲ.

ಇದೆಲ್ಲ ಜನರಿಗೆ ಕಷ್ಟ, ಸರ್ಕಾರವೇ ಯಾವುದು ಸುಳ್ಳು ಅಂತ ಹೇಳಿಬಿಡಲಿ ಅನ್ನುವವರಿದ್ದಾರೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳಿಗೆ ತಿದ್ದುಪಡಿ ತಂದು, ತನ್ನ ಕೆಲಸಕಾರ್ಯಗಳ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳು ಅಂತ ಗುರುತಿಸಲು ತನ್ನದೇ ಘಟಕ ಮಾಡಲು ಹೊರಟಿತು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಮೊದಲು ಭಿನ್ನ ತೀರ್ಪು ಕೊಟ್ಟರು, ಮೂರನೆಯವರ ಅಭಿಪ್ರಾಯದೊಂದಿಗೆ 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮ ಬಿದ್ದುಹೋಯಿತು. ನಮ್ಮ ರಾಜ್ಯದಲ್ಲೂ ಸರ್ಕಾರದ ಕಡೆಯಿಂದಲೇ ಇಂಥ ಘಟಕದ ಮಾತು 2023ರಿಂದ ನಡೆದಿದೆ. ಪಕ್ಷ ಯಾವುದೇ ಇರಲಿ, ನನ್ನ ಆಕ್ಷೇಪ ಒಂದೇ: ತನ್ನ ಮೇಲಿನ ಆರೋಪಕ್ಕೆ ಉತ್ತರ ಕೊಡಲು ಸರ್ಕಾರಕ್ಕೆ ಪೂರ್ತಿ ಹಕ್ಕಿದೆ, ಕೊಡಲಿ. ಆದರೆ ಉತ್ತರ ಕೊಡಬೇಕಾದವರೇ ತೀರ್ಪನ್ನೂ ಬರೆಯಬಾರದು.

ಮತ್ತೆ ಆ ಶಾಲೆಗೆ ಬರುತ್ತೇನೆ. ಮೆಕಾಲೆಯ ವಿಷಯ ತಿಳಿದ ಮೇಲೆ ನಾನು ಫೇಸ್‌ಬುಕ್ಕಿನಲ್ಲಿ ತಪ್ಪೊಪ್ಪಿಗೆ ಬರೆಯಬಹುದಿತ್ತು. ಆ ಮಕ್ಕಳು ಅದನ್ನು ಓದುತ್ತಿರಲಿಲ್ಲ. ಪತ್ರಿಕೆಯಲ್ಲಿದ್ದಾಗ ಒಂದು ಪದ್ಧತಿ ಇತ್ತು: ಯಾವ ಪುಟದಲ್ಲಿ ತಪ್ಪು ಹೋಗಿತ್ತೋ ಅದೇ ಪುಟದಲ್ಲಿ ತಿದ್ದುಪಡಿ ಹಾಕಬೇಕು. ಆದ್ದರಿಂದ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ಕೇಳಿಕೊಂಡೆ. ಅದೇ ಮೈಕಿನ ಮುಂದೆ ನಿಂತು, ರಾಜ್ಯೋತ್ಸವದ ದಿನ ನಾನು ಓದಿದ ಭಾಷಣ ಮೆಕಾಲೆಯದಲ್ಲ, ಪರೀಕ್ಷಿಸದೆ ಓದಿದ್ದು ನನ್ನ ತಪ್ಪು ಅಂದೆ. ಅವನು ಆ ದಿನ ಎಲ್ಲಿದ್ದ, ಅಲ್ಲಿಗೆ ಹೇಗೆ ಹೋದ, ನಮ್ಮ ಶ್ರೀರಂಗಪಟ್ಟಣವನ್ನು ಹಾದು ಹೋದದ್ದು ಯಾವಾಗ, ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಪ್ರಾರ್ಥನೆ ಮುಗಿದು ಸಾಲು ಚದುರುವಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು ನಿಂತಳು.

“ಸಾರ್, ಒಂದು ಕಪಾಟು ಪುಸ್ತಕದ ಮಾತು ಹೇಳಿದ್ರಲ್ಲ, ಅದನ್ನಾದ್ರೂ ಅವನು ನಿಜವಾಗ್ಲೂ ಹೇಳಿದ್ದಾನಾ? ನೀವು ನೋಡಿದ್ದೀರಾ?”

ಅಸಲಿ ಟಿಪ್ಪಣಿಯ ಪ್ರತಿ ನನ್ನ ಚೀಲದಲ್ಲಿತ್ತು. ತೆಗೆದು ಅವಳ ಕೈಗೆ ಕೊಟ್ಟೆ. ಇಂಗ್ಲಿಷ್ ಕಷ್ಟವಾಗುತ್ತಿತ್ತು, ಆದರೂ ಬೆರಳಿಟ್ಟು ಸಾಲು ಸಾಲಾಗಿ ಹುಡುಕಿ, ‘ಶೆಲ್ಫ್’ ಅನ್ನುವ ಪದ ಸಿಕ್ಕ ಕಡೆ ನಿಲ್ಲಿಸಿ, ಪಕ್ಕದಲ್ಲಿದ್ದ ಗೆಳತಿಗೆ ತೋರಿಸಿದಳು.

“ಹೇಳಿದ್ದಾನೆ ಕಣೇ,” ಅಂದಳು.